‘ಇವತ್ತು ನಾನು ಫುಲ್ ಅನೊರೆಕ್ಸಿಕ್’: ತಮಾಷೆ ಯಾವುದು, ಕಾಯಿಲೆಯ ಸುಳಿವು ಯಾವುದು?

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ. ಊಟ ಬಿಟ್ಟ ದಿನ ಅವಳೂ ಅವಳ ಗೆಳತಿಯರೂ ‘ಇವತ್ತು ಫುಲ್ ಅನೊರೆಕ್ಸಿಕ್’ ಅನ್ನುತ್ತಾರೆ. ಜಾಸ್ತಿ ತಿಂದರೆ ‘ಬಿಂಜ್ ಮಾಡ್ಬಿಟ್ಟೆ, ನಾಳೆ ಪನಿಶ್‌ಮೆಂಟ್’ ಎಂದು ನಗುತ್ತಾರೆ. ಫೋನಿನಲ್ಲಿ ಸದಾ ‘ಇಡೀ ದಿನ ನಾನು ಏನು ತಿಂದೆ’ ಎಂಬ ವಿಡಿಯೊಗಳು, ಇಲ್ಲವೇ ಯಾರೋ ರಾಶಿಗಟ್ಟಲೆ ತಿನ್ನುವ ವಿಡಿಯೊಗಳು. ಕೇಳಿದರೆ ‘ಇದೆಲ್ಲ ಮೀಮ್ ಅಮ್ಮಾ’ ಎನ್ನುತ್ತಾಳೆ. ಇದು ವಯಸ್ಸಿನ ತಮಾಷೆಯೋ, ಕಾಯಿಲೆಯ ಸುಳಿವೋ? ಫೋನ್ ಕಿತ್ತಿಟ್ಟುಕೊಳ್ಳಲೇ? ಏನು ಮಾತಾಡಿದರೆ ಸರಿ?

ಉತ್ತರ: ನೀವು ಬರೆದ ಮಾತುಗಳಲ್ಲಿ ಹೆಚ್ಚು ಕಿವಿಗೊಡಬೇಕಾದದ್ದು ‘ನಾಳೆ ಪನಿಶ್‌ಮೆಂಟ್’ ಎಂಬುದಕ್ಕೆ. ‘ಅನೊರೆಕ್ಸಿಕ್’, ಅಂದರೆ ದಪ್ಪಗಾಗುವ ಭಯದಿಂದ ಊಟ ಬಿಡುವ ಕಾಯಿಲೆಯವಳು, ಎಲ್ಲೋ ಕೇಳಿ ಎತ್ತಿಕೊಂಡ ಹೆಸರು. ಹದಿನಾರರ ವಯಸ್ಸಿನಲ್ಲಿ ಇಂಥ ಹೆಸರುಗಳು ಬಾಯಿಂದ ಬಾಯಿಗೆ ಓಡಾಡಿ ಆರು ತಿಂಗಳಲ್ಲಿ ಹಳತಾಗುತ್ತವೆ. ‘ಪನಿಶ್‌ಮೆಂಟ್’ ಹಾಗಲ್ಲ. ಅದು ಒಂದು ನಿಯಮ: ತಿಂದದ್ದಕ್ಕೆ ದಂಡ ಕಟ್ಟಬೇಕು. ಈಟಿಂಗ್ ಡಿಸಾರ್ಡರ್ ಎಂಬ ಕಾಯಿಲೆ ಮಾತಾಡುವುದೇ ಇಂಥ ನಿಯಮಗಳ ಭಾಷೆಯಲ್ಲಿ. ಆದ್ದರಿಂದ ಚಿಕ್ಕ ಉತ್ತರ ಇಷ್ಟು: ಪದವನ್ನು ಹಿಡಿದು ಜಗಳಕ್ಕೆ ನಿಲ್ಲಬೇಡಿ, ಪದದ ಬೆನ್ನಿಗೆ ನಿಯಮ ಇದೆಯೇ ನೋಡಿ. ಇದ್ದರೆ ಏನು ಮಾಡಬೇಕು ಎಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು, ಈ ಪದಗಳು ಕಾಯಿಲೆಯ ಯಾವ ಮುಖವನ್ನು ತೋರಿಸಿ ಯಾವುದನ್ನು ಮುಚ್ಚಿಡುತ್ತವೆ ಎಂದು ಗೊತ್ತಿರುವುದು ಒಳ್ಳೆಯದು. ದೊಡ್ಡವರು ಎಡವುವುದು ಹೆಚ್ಚಾಗಿ ಅಲ್ಲಿಯೇ.

‘ಅನೊರೆಕ್ಸಿಯಾ’ ಹುಟ್ಟಿನಿಂದಲೇ ತಪ್ಪು ಹೆಸರು. 1873ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್ ‘ಅನೊರೆಕ್ಸಿಯಾ ನರ್ವೋಸಾ’ ಎಂಬುದನ್ನು ಬಳಕೆಗೆ ತಂದರು. ಗ್ರೀಕ್ ಮೂಲದಲ್ಲಿ ಅದರ ಅರ್ಥ ಹಸಿವಿಲ್ಲದಿರುವುದು. ಆದರೆ ಈ ಕಾಯಿಲೆಯವರಿಗೆ ಹಸಿವು ಇರುತ್ತದೆ, ಹಲವರಿಗೆ ದಿನವಿಡೀ ಬೇರೆ ಯೋಚನೆಯೇ ಬಾರದಷ್ಟು ಇರುತ್ತದೆ. ದಪ್ಪಗಾಗುವ ಭಯ ಅದಕ್ಕಿಂತ ಜೋರಾಗಿರುತ್ತದೆ, ಅಷ್ಟೆ. ಆಡುಮಾತು ಈ ಭಯವನ್ನು ಬಿಟ್ಟು ಕಣ್ಣಿಗೆ ಕಾಣುವ ಒಂದನ್ನು ಮಾತ್ರ ಹಿಡಿದುಕೊಂಡಿತು: ತೆಳ್ಳಗಿರುವುದು. ಹಾಗಾಗಿ ‘ಅನೊರೆಕ್ಸಿಕ್’ ಈಗ ‘ಕಡ್ಡಿ’, ‘ನರಪೇತಲ’ ಎಂಬ ಪದಗಳ ಪಕ್ಕದಲ್ಲಿ ಕೂತಿರುವ ಇನ್ನೊಂದು ಗುಣವಾಚಕ. ಕಾಯಿಲೆಯ ಹೆಸರು ಮೈಕಟ್ಟಿನ ಹೆಸರಾಯಿತು.

ಇದರಿಂದಾಗುವ ನಷ್ಟ ಸಣ್ಣದಲ್ಲ. ಮನೆಯವರು, ಶಿಕ್ಷಕರು, ಒಮ್ಮೊಮ್ಮೆ ವೈದ್ಯರೂ ‘ಇವಳು ಅಷ್ಟೇನೂ ಸಣ್ಣಗಿಲ್ಲವಲ್ಲ’ ಎಂದು ಕಾಯುತ್ತಾರೆ. ಮನೋವೈದ್ಯರು ಬಳಸುವ ಡಿಎಸ್‌ಎಂ ಕೈಪಿಡಿಯ 2013ರ ಆವೃತ್ತಿಯಲ್ಲಿ ‘ಅಸಾಮಾನ್ಯ ಅನೊರೆಕ್ಸಿಯಾ’ ಎಂಬ ವಿಭಾಗವೇ ಇದೆ. ಭಯ, ನಿರ್ಬಂಧ, ತನ್ನ ಮೈಯನ್ನು ತಪ್ಪಾಗಿ ಕಾಣುವುದು ಎಲ್ಲವೂ ಇದ್ದು, ಸಾಕಷ್ಟು ತೂಕ ಇಳಿದ ಮೇಲೂ ನೋಡುವವರ ಕಣ್ಣಿಗೆ ಸಾಧಾರಣ ಮೈಕಟ್ಟಿನಲ್ಲೇ ಇರುವವರು ಇವರು. ನಾಡಿಬಡಿತ ತೀರಾ ನಿಧಾನವಾಗುವುದು, ಎದ್ದು ನಿಂತಾಗ ರಕ್ತದೊತ್ತಡ ಕುಸಿಯುವುದು, ಲವಣಾಂಶ ಏರುಪೇರಾಗುವುದು ಇವರಲ್ಲೂ ಆಗುತ್ತದೆ. ದೇಹಕ್ಕೆ ಪೆಟ್ಟು ಕೊಡುವುದು ಈಗ ಎಷ್ಟು ತೂಕವಿದೆ ಎಂಬುದಷ್ಟೇ ಅಲ್ಲ, ಎಷ್ಟು ಬೇಗ, ಎಷ್ಟು ಇಳಿಯಿತು ಎಂಬುದು ಕೂಡ. ದಪ್ಪಗಿದ್ದ ಹುಡುಗಿ ವೇಗವಾಗಿ ಸಣ್ಣಗಾದಾಗ ಸುತ್ತಲಿನವರು ಚಪ್ಪಾಳೆ ತಟ್ಟುತ್ತಾರೆ. ಕಾಯಿಲೆಗೆ ಅದಕ್ಕಿಂತ ಒಳ್ಳೆಯ ಮುಸುಕು ಬೇಕಿಲ್ಲ.

‘ಬುಲಿಮಿಯಾ’ ಎಂದರೆ ಗ್ರೀಕ್‌ನಲ್ಲಿ ಎತ್ತಿನ ಹಸಿವು. ನಾವು ಬಕಾಸುರನ ಹಸಿವು ಅನ್ನುವ ಹಾಗೆ. ಬುಲಿಮಿಯಾ ನರ್ವೋಸಾ ಎಂದು ಇದನ್ನು 1979ರಲ್ಲಿ ವಿವರಿಸಿದವರು ಲಂಡನ್ನಿನ ಜೆರಾಲ್ಡ್ ರಸೆಲ್. ಮೀಮ್‌ಗಳಲ್ಲಿ ಇದು ವಾಂತಿಯ ಜೋಕು. ವೈದ್ಯಕೀಯದಲ್ಲಿ ಇದರ ವ್ಯಾಪ್ತಿ ದೊಡ್ಡದು: ಹತೋಟಿ ತಪ್ಪಿ ತಿನ್ನುವುದು, ಆಮೇಲೆ ಅದನ್ನು ‘ಸರಿದೂಗಿಸಲು’ ಏನಾದರೂ ಮಾಡುವುದು, ಇವೆರಡೂ ಸರಾಸರಿ ವಾರಕ್ಕೊಮ್ಮೆಯಾದರೂ 3 ತಿಂಗಳು ನಡೆಯುವುದು. ಆ ‘ಏನಾದರೂ’ ಎಂಬುದರಲ್ಲಿ ಮರುದಿನದ ಉಪವಾಸವೂ ಸೇರುತ್ತದೆ, ಮಿತಿಮೀರಿದ ವ್ಯಾಯಾಮವೂ ಸೇರುತ್ತದೆ. ನಿಮ್ಮ ಮಗಳ ‘ನಾಳೆ ಪನಿಶ್‌ಮೆಂಟ್’ ನನ್ನ ಕಿವಿಗೆ ಬಿದ್ದದ್ದು ಇದಕ್ಕೇ. ಬುಲಿಮಿಯಾ ಇರುವ ಬಹುಪಾಲು ಜನ ನೋಡಲು ಎಲ್ಲರಂತೆಯೇ ಇರುತ್ತಾರೆ. ಎಷ್ಟೋ ಸಲ ಮೊದಲು ಗುರುತಿಸುವುದು ಹಲ್ಲಿನ ವೈದ್ಯರು, ವಾಂತಿಯ ಆಮ್ಲಕ್ಕೆ ಹಲ್ಲಿನ ಹೊರಪದರ ಎನಾಮಲ್ ಸವೆದದ್ದನ್ನು ನೋಡಿ. ಒಳಗೆ ಪೊಟ್ಯಾಷಿಯಂ ಕುಸಿದರೆ ಹೃದಯದ ಲಯ ತಪ್ಪುತ್ತದೆ. ಜೋಕಿನಲ್ಲಿ ಪೊಟ್ಯಾಷಿಯಂ ಬರುವುದಿಲ್ಲ.

‘ಬಿಂಜ್’ ಅತಿ ಹೆಚ್ಚು ಸವೆದ ನಾಣ್ಯ. ಧಾರಾವಾಹಿಯನ್ನು ಒಂದೇ ಕೂತಿನಲ್ಲಿ ನೋಡುವುದೂ ಬಿಂಜ್, ಹಬ್ಬದೂಟದಲ್ಲಿ ಎರಡು ಸಲ ಬಡಿಸಿಕೊಳ್ಳುವುದೂ ಬಿಂಜ್. ಕಾಯಿಲೆಯ ಬಿಂಜ್‌ಗೆ ಎರಡು ಲಕ್ಷಣ ಬೇಕು: ಸುಮಾರು 2 ಗಂಟೆಯಂಥ ಒಂದು ಅವಧಿಯೊಳಗೆ ಅದೇ ಪರಿಸ್ಥಿತಿಯಲ್ಲಿ ಬೇರೆಯವರು ತಿನ್ನುವುದಕ್ಕಿಂತ ಖಂಡಿತವಾಗಿ ಹೆಚ್ಚು ತಿಂದಿರಬೇಕು, ಮತ್ತು ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದ ಭಾವ ಇರಬೇಕು. ಎರಡನೆಯದೇ ಮುಖ್ಯ. ಅದರ ಜೊತೆಗೆ ಒಬ್ಬರೇ ಅಡಗಿ ತಿನ್ನುವುದು, ಹಸಿವಿಲ್ಲದೆ ತಿನ್ನುವುದು, ಹೊಟ್ಟೆ ನೋಯುವವರೆಗೆ ತಿನ್ನುವುದು, ತಿಂದ ಮೇಲೆ ತನ್ನ ಮೇಲೆಯೇ ಅಸಹ್ಯ. ಆಲ್ಬರ್ಟ್ ಸ್ಟಂಕಾರ್ಡ್ ಇದನ್ನು ವರ್ಣಿಸಿದ್ದು 1959ರಲ್ಲಿ. ಡಿಎಸ್‌ಎಂ ಇದಕ್ಕೆ ಸ್ವತಂತ್ರ ಕಾಯಿಲೆಯ ಸ್ಥಾನ ಕೊಟ್ಟದ್ದು 2013ರಲ್ಲಿ. ಅನೊರೆಕ್ಸಿಯಾ, ಬುಲಿಮಿಯಾಗಳಿಗಿಂತ ಬಿಂಜ್ ಈಟಿಂಗ್ ಡಿಸಾರ್ಡರ್ ಹೆಚ್ಚು ಜನರಲ್ಲಿದೆ. ಆದರೂ ಅಂತರ್ಜಾಲದಲ್ಲಿ ಇದರ ‘ಸುಂದರ’ ಚಿತ್ರ ಒಂದೂ ಸಿಗುವುದಿಲ್ಲ. ಮಂದ ಬೆಳಕು, ಕಿಟಕಿ, ಚಾಚಿದ ಮೂಳೆಗೈ ಎಲ್ಲ ಅನೊರೆಕ್ಸಿಯಾಕ್ಕೆ ಮೀಸಲು. ಬಿಂಜ್ ಕಾಯಿಲೆಯವರ ಪಾಲಿಗೆ ಉಳಿದದ್ದು ‘ಹೊಟ್ಟೆಬಾಕ’, ‘ಬಾಯಿಚಪಲ’, ‘ತಿಂದು ಕೊಬ್ಬಿದೆ’ ಎಂಬ ಬೈಗುಳ.

ನಮ್ಮ ನುಡಿಯೂ ಇಲ್ಲಿ ನಿರಪರಾಧಿಯಲ್ಲ. ‘ಕೊಬ್ಬು’ ಎಂದರೆ ಮೈಯ ಕೊಬ್ಬೂ ಹೌದು, ಸೊಕ್ಕೂ ಹೌದು. ತಿನ್ನದವಳಿಗೆ ‘ಹಠ’, ತಿಂದವಳಿಗೆ ‘ಚಪಲ’. ಎರಡೂ ಸ್ವಭಾವದ ಹೆಸರುಗಳೇ ಹೊರತು ಕಾಯಿಲೆಯ ಹೆಸರುಗಳಲ್ಲ. ಹೊಸ ಆಡುಮಾತನ್ನು ದೂರುವಾಗ ಹಳೆಯದನ್ನು ಮರೆಯುವುದು ಸುಲಭ.

ಈಗ ವಿಡಿಯೊಗಳ ಮಾತು. ರಾಶಿಗಟ್ಟಲೆ ತಿನ್ನುವ ವಿಡಿಯೊಗಳಿಗೆ ‘ಮಕ್‌ಬಾಂಗ್’ ಎನ್ನುತ್ತಾರೆ. ಕೊರಿಯನ್ ಭಾಷೆಯ ‘ತಿನ್ನು’ ಮತ್ತು ‘ಪ್ರಸಾರ’ ಎಂಬ ಪದಗಳ ತುಣುಕು ಕೂಡಿ ಆದ ಹೆಸರು. ದಕ್ಷಿಣ ಕೊರಿಯಾದಲ್ಲಿ 2010ರ ಆಸುಪಾಸಿಗೆ ಹುಟ್ಟಿದ ಪ್ರಕಾರ. ಇವನ್ನು ನೋಡುವ ಹುಡುಗಿಗೆ ತಿನ್ನುವ ಆಸೆ ಜಾಸ್ತಿ ಎಂದು ನೀವು ಅಂದುಕೊಂಡಿರಬಹುದು. ಆಸೆಗೆ ಕಾರಣ ಹಸಿವೂ ಆಗಿರಬಹುದು. 1944-45ರಲ್ಲಿ ಅಮೆರಿಕದ ಮಿನ್ನೆಸೊಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗ ಒಂದಿದೆ. ಗಟ್ಟಿಮುಟ್ಟಾದ 36 ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟರು. ಊಟದ ಬಗ್ಗೆ ಮೊದಲು ಎಂದೂ ತಲೆಕೆಡಿಸಿಕೊಳ್ಳದ ಆ ಗಂಡಸರು ಅಡುಗೆ ಪುಸ್ತಕ ಓದತೊಡಗಿದರು, ಪಾಕವಿಧಾನಗಳನ್ನು ಕೂಡಿಟ್ಟರು, ತಟ್ಟೆಯಲ್ಲಿದ್ದದ್ದನ್ನು ಗಂಟೆಗಟ್ಟಲೆ ಎಳೆದೆಳೆದು ತಿಂದರು, ಮಾತೆಲ್ಲ ಊಟದ ಮಾತೇ ಆಯಿತು. ಸಿಡುಕು, ಖಿನ್ನತೆ, ಒಂಟಿತನ ಬಂದವು. ಪ್ರಯೋಗ ಮುಗಿದ ಮೇಲೆ ಕೆಲವರಿಗೆ ಎಷ್ಟು ತಿಂದರೂ ಸಾಕಾಗುತ್ತಿರಲಿಲ್ಲ. ಕಡಿಮೆ ತಿನ್ನುವ ಮಿದುಳು ಊಟವನ್ನೇ ಹುಡುಕುತ್ತದೆ. ಬಾಯಿಗೆ ಸಿಗದಿದ್ದರೆ ಕಣ್ಣಿಗಾದರೂ. ಆದ್ದರಿಂದ ಮಗಳು ತಿನ್ನುವ ವಿಡಿಯೊಗಳನ್ನು ಗಂಟೆಗಟ್ಟಲೆ ನೋಡುತ್ತ, ಬೇರೆಯವರಿಗೆ ಉತ್ಸಾಹದಿಂದ ಅಡುಗೆ ಮಾಡಿ ಬಡಿಸುತ್ತ, ತಾನು ಮಾತ್ರ ‘ಆಗಲೇ ತಿಂದೆ’ ಎನ್ನುತ್ತಿದ್ದರೆ ಅದನ್ನು ಗಮನಿಸಬೇಕು.

‘ಇಡೀ ದಿನ ಏನು ತಿಂದೆ’ ವಿಡಿಯೊಗಳ ಕೆಡುಕು ಬೇರೆ ಬಗೆಯದು. ವಿಡಿಯೊದ ಮೊದಲ ದೃಶ್ಯದಲ್ಲಿ ಹೆಚ್ಚಾಗಿ ಊಟ ಇರುವುದಿಲ್ಲ, ಹೊಟ್ಟೆ-ಸೊಂಟ ಇರುತ್ತದೆ. ಇದನ್ನು ‘ಬಾಡಿ ಚೆಕ್’ ಎನ್ನುತ್ತಾರೆ. ಮಾತಿಲ್ಲದೆಯೇ ಹೇಳಿದ್ದು ಇಷ್ಟು: ಹೀಗೆ ತಿಂದರೆ ಹೀಗಾಗುತ್ತೀರಿ. ಎತ್ತರ, ವಯಸ್ಸು, ವಂಶ, ದಿನದ ಓಡಾಟ, ಕ್ಯಾಮೆರಾ ಆರಿಸಿದ ಮೇಲೆ ತಿಂದದ್ದು ಯಾವುದೂ ಲೆಕ್ಕಕ್ಕಿಲ್ಲ. ನೋಡುವವಳ ತಲೆಯಲ್ಲಿ ಮಾತ್ರ ಒಂದು ಪಟ್ಟಿ ಉಳಿಯುತ್ತದೆ.

ಆರೋಗ್ಯದ ವೇಷ ತೊಟ್ಟ ಪದಗಳು ಇನ್ನೂ ಜಾರುವ ನೆಲ. ‘ಕ್ಲೀನ್ ಈಟಿಂಗ್’ ಎಂದರೆ ಉಳಿದದ್ದು ಕೊಳಕು ಎಂದಾಯಿತು. ‘ಚೀಟ್ ಡೇ’ ಎಂದರೆ ಉಳಿದ ದಿನ ವ್ರತ, ಇವತ್ತು ಪಾಪ. ಪಾಪದ ಬೆನ್ನಿಗೆ ಪ್ರಾಯಶ್ಚಿತ್ತ. ಹೊಟ್ಟೆಗೆ ಸಂಬಂಧಿಸಿದ್ದೆಲ್ಲ ನೀತಿಗೆ ಸಂಬಂಧಿಸಿದ್ದಾದಾಗ ಕಾಯಿಲೆಗೆ ದಾರಿ ಸಲೀಸು. ‘ಶುದ್ಧ’ ಆಹಾರದ ಗೀಳಿಗೆ ಸ್ಟೀವನ್ ಬ್ರಾಟ್ಮನ್ ಎಂಬ ವೈದ್ಯ 1997ರಲ್ಲಿ ‘ಆರ್ಥೊರೆಕ್ಸಿಯಾ’ ಎಂಬ ಹೆಸರು ಕೊಟ್ಟರು. ಅದು ಡಿಎಸ್‌ಎಂನಲ್ಲಿ ಪ್ರತ್ಯೇಕ ರೋಗವಾಗಿ ಸೇರಿಲ್ಲ, ಆದರೂ ಆ ಹೆಸರಿನ ಕೆಳಗೆ ಬರುವ ಹಲವರನ್ನು ಪರೀಕ್ಷಿಸಿದರೆ ಬೇರೆ ಯಾವುದೋ ಈಟಿಂಗ್ ಡಿಸಾರ್ಡರ್ ಕಾಣುತ್ತದೆ. ಇನ್ನು ‘ಡಯಟ್’ ಎಂಬ ನಿರುಪದ್ರವಿ ಪದ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಶಾಲಾ ಮಕ್ಕಳನ್ನು ಮೂರು ವರ್ಷ ಹಿಂಬಾಲಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಡಯಟ್ ಮಾಡದ ಹುಡುಗಿಯರಿಗೆ ಹೋಲಿಸಿದರೆ ತೀವ್ರ ಡಯಟ್ ಮಾಡಿದವರಲ್ಲಿ ಈಟಿಂಗ್ ಡಿಸಾರ್ಡರ್ ಬರುವ ಸಂಭವ 18 ಪಟ್ಟು, ಮಧ್ಯಮವಾಗಿ ಮಾಡಿದವರಲ್ಲಿ 5 ಪಟ್ಟು ಇತ್ತು.

ಮಗಳ ಬಗ್ಗೆ ಕೇಳಿದ್ದೀರಿ, ಆದರೂ ಒಂದು ಮಾತು: ಹುಡುಗರಲ್ಲಿ ಇದೇ ಕಥೆ ‘ಬಲ್ಕ್’ (ಮೈ ತುಂಬಿಸುವುದು), ‘ಕಟ್’, ‘ಶ್ರೆಡ್’ (ಕೊಬ್ಬು ಕರಗಿಸುವುದು) ಎಂಬ ಜಿಮ್ ಭಾಷೆಯಲ್ಲಿ ನಡೆಯುತ್ತದೆ. ಎಷ್ಟು ಮೈಕಟ್ಟಿದ್ದರೂ ತಾನು ಪೀಚಲು ಎಂದೇ ಕಾಣುವುದಕ್ಕೆ ‘ಮಸಲ್ ಡಿಸ್ಮಾರ್ಫಿಯಾ’ ಎನ್ನುತ್ತಾರೆ, ಆಡುಮಾತಿನಲ್ಲಿ ‘ಬಿಗೊರೆಕ್ಸಿಯಾ’. ಹೊಗಳಿಕೆಯ ಭಾಷೆಯಾದ್ದರಿಂದ ಯಾರೂ ಗುರುತಿಸುವುದಿಲ್ಲ.

ಎಲ್ಲ ಆಡುಮಾತೂ ಶತ್ರುವಲ್ಲ. ‘ಆಲ್ಮಂಡ್ ಮಾಮ್’ ಎಂಬ ಪದ ಕೇಳಿರಬಹುದು: ತಾನೂ ಅಳೆದು ತೂಗಿ ತಿನ್ನುತ್ತ, ಹಸಿವು ಎಂದ ಮಗಳಿಗೆ ನಾಲ್ಕು ಬಾದಾಮಿ ಸಾಕು ಎನ್ನುವ ತಾಯಿ. ಚುಚ್ಚುವ ಪದವೇ. ಆದರೆ ಮನೆಯಲ್ಲಿ ದಿನವೂ ಕೇಳುವ ಡಯಟ್ ಮಾತು ಮಾಮೂಲಲ್ಲ ಎಂದು ಮಕ್ಕಳಿಗೆ ತಿಳಿಸಿದ್ದು ಅದೇ. ಇದಕ್ಕೆ ಎದುರಾಗಿ 2023ರ ‘ಗರ್ಲ್ ಡಿನ್ನರ್’ ನೋಡಿ. ಅಡುಗೆಯ ಗೋಜಿಲ್ಲದೆ ಮನೆಯಲ್ಲಿದ್ದ ಬ್ರೆಡ್ಡು, ಚೀಸು, ಹಣ್ಣು ಜೋಡಿಸಿಕೊಂಡು ತೃಪ್ತಿಯಾಗಿ ತಿನ್ನುವ ಖುಷಿಯಿಂದ ಶುರುವಾದದ್ದು. ಕೆಲವೇ ವಾರಗಳಲ್ಲಿ ಅದೇ ಹೆಸರಿನಡಿ ಬರೀ ಒಂದು ಲೋಟ ಪಾನೀಯದ ಚಿತ್ರಗಳೂ ಬಂದವು. ಪದ ಅದೇ, ಕೈ ಬದಲಾಯಿತು. ಆದ್ದರಿಂದ ಪದಗಳ ನಿಘಂಟು ಇಟ್ಟುಕೊಂಡು ಮಗಳ ಮಾತನ್ನು ತಾಳೆ ನೋಡುವುದರಿಂದ ಪ್ರಯೋಜನವಿಲ್ಲ.

ನಿಷೇಧದ ಇತಿಹಾಸವೂ ಅದನ್ನೇ ಹೇಳುತ್ತದೆ. ಈ ಕಾಯಿಲೆಯನ್ನು ಜೀವನಶೈಲಿ ಎಂದು ಹಾಡಿಹೊಗಳುವ ‘ಪ್ರೊ-ಆನಾ’ ತಾಣಗಳು 1990ರ ದಶಕದ ಕೊನೆಗೇ ಇದ್ದವು. 2001ರಲ್ಲಿ ಯಾಹೂ ಅಂಥವನ್ನು ತೆಗೆದುಹಾಕಿತು. 2012ರಲ್ಲಿ ಟಂಬ್ಲರ್, ಪಿಂಟರೆಸ್ಟ್, ಇನ್‌ಸ್ಟಾಗ್ರಾಂ ನಿಯಮ ಬಿಗಿಮಾಡಿದವು. ಆಗ ಜನ ಹ್ಯಾಷ್‌ಟ್ಯಾಗ್‌ಗಳ ಕಾಗುಣಿತ ತಿರುಚಿದರು. ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದಂತೆ, ಇನ್‌ಸ್ಟಾಗ್ರಾಂನಲ್ಲಿ ತಿರುಚಿದ ಪದಗಳಡಿ ಸೇರಿದ ಪೋಸ್ಟ್‌ಗಳು ಮೂಲ ಪದಗಳಡಿ ಇದ್ದವಕ್ಕಿಂತ ಹೆಚ್ಚು ಅಪಾಯಕಾರಿಯಾಗಿದ್ದವು, ಅವಕ್ಕೆ ಸಿಕ್ಕ ಸ್ಪಂದನೆಯೂ ಹೆಚ್ಚಿತ್ತು. 2025ರ ಜೂನ್‌ನಲ್ಲಿ ಟಿಕ್‌ಟಾಕ್ ಸಣ್ಣಗಿರುವುದನ್ನು ಹೊಗಳುವ ವಿಡಿಯೊಗಳ ‘ಸ್ಕಿನ್ನಿಟಾಕ್’ ಎಂಬ ಹುಡುಕುಪದವನ್ನು ತಡೆಹಿಡಿಯಿತು. ತಿರುಚಿದ ಪದಗಳ ಪಟ್ಟಿಯನ್ನು ನಾನು ಇಲ್ಲಿ ಕೊಡುವುದಿಲ್ಲ. ಓದುವವರಲ್ಲಿ ಕಾಯಿಲೆಯವರೂ ಇರುತ್ತಾರೆ, ಅವರ ಕೈಗೆ ಅದು ಕೀಲಿಗೊಂಚಲು.

‘ಆನಾ’, ‘ಮಿಯಾ’ ಎಂಬ ಎರಡು ಹೆಸರು ಮಾತ್ರ ಗೊತ್ತಿರಲಿ. ಅನೊರೆಕ್ಸಿಯಾ, ಬುಲಿಮಿಯಾಗಳಿಗೆ ಕೊಟ್ಟ ಹೆಣ್ಣು ಹೆಸರುಗಳು. ‘ಆನಾ ಬೈತಾಳೆ’, ‘ಆನಾ ಜೊತೆಗಿದ್ದಾಳೆ’ ಎಂದು ಮಾತಾಡುತ್ತಾರೆ. ಸೋಜಿಗವೆಂದರೆ ಚಿಕಿತ್ಸೆಯಲ್ಲೂ ಇದೇ ಉಪಾಯ ಇದೆ: ಕಾಯಿಲೆಯನ್ನು ಮಗುವಿನಿಂದ ಬೇರೆ ಮಾಡಿ, ಮನೆಗೆ ನುಗ್ಗಿದ ಮೂರನೆಯವರಂತೆ ನೋಡುವುದು. ಒಂದು ಕಡೆ ಅದು ಗೆಳತಿ, ಇನ್ನೊಂದು ಕಡೆ ಕಳ್ಳಿ. ನಿಮ್ಮ ಮಗಳು ಅಂಥ ಹೆಸರು ಬಳಸಿದರೆ ‘ಯಾವಳೇ ಅವಳು’ ಎಂದು ಗದರಬೇಡಿ. ‘ಅವಳು ನಿಂಗೆ ಏನು ಹೇಳ್ತಾಳೆ? ಮಾತು ಕೇಳದಿದ್ರೆ ಏನು ಮಾಡ್ತಾಳೆ?’ ಎಂದು ಕೇಳಿ. ನಿಯಮಗಳು ತಾವಾಗಿ ಹೊರಗೆ ಬರುತ್ತವೆ.

ಹಾಗಾದರೆ ಫೋನಿನಿಂದಲೇ ಕಾಯಿಲೆ ಬಂತೇ? ಅಷ್ಟು ಸರಳವಿಲ್ಲ. 2019ರಲ್ಲಿ ಅನೊರೆಕ್ಸಿಯಾ ಇದ್ದ ಸುಮಾರು 17 ಸಾವಿರ ಜನರ ವಂಶವಾಹಿಗಳನ್ನು ಪರಿಶೀಲಿಸಿದ ಅಧ್ಯಯನವು ಕಾಯಿಲೆಗೆ ನಂಟಿರುವ 8 ಜಾಗಗಳನ್ನು ಗುರುತಿಸಿತು. ಅವುಗಳ ಸಂಬಂಧ ಮನಸ್ಸಿನ ಜೊತೆಗೆ ಚಯಾಪಚಯಕ್ಕೂ ಇತ್ತು. ಆದರೆ ಚಿತ್ರಗಳಿಗೆ ಶಕ್ತಿಯೇ ಇಲ್ಲ ಎನ್ನುವಂತೆಯೂ ಇಲ್ಲ. ಫಿಜಿ ದ್ವೀಪದ ಒಂದು ಭಾಗಕ್ಕೆ 1995ರಲ್ಲಿ ಟಿವಿ ಬಂತು. ಆಗಷ್ಟೇ ಆನ್ ಬೆಕರ್ ಎಂಬ ಸಂಶೋಧಕಿ ಶಾಲಾ ಹುಡುಗಿಯರನ್ನು ಕೇಳಿದಾಗ ತೂಕ ಇಳಿಸಲು ವಾಂತಿ ಮಾಡುತ್ತೇನೆ ಎಂದವಳು ಒಬ್ಬಳೂ ಇರಲಿಲ್ಲ. 1998ರಲ್ಲಿ ಕೇಳಿದ ಹುಡುಗಿಯರಲ್ಲಿ ಶೇ. 11.3ರಷ್ಟು ಮಂದಿ ಹೌದು ಎಂದರು. 2021ರಲ್ಲಿ ಬಯಲಾದ ಇನ್‌ಸ್ಟಾಗ್ರಾಂನ ಒಳ ಸಂಶೋಧನೆಯಲ್ಲಿ, ಮೈ ಬಗ್ಗೆ ಬೇಸರವಿದ್ದಾಗ ಇನ್‌ಸ್ಟಾಗ್ರಾಂ ಅದನ್ನು ಹೆಚ್ಚಿಸಿತು ಎಂದು ಹದಿಹರೆಯದ ಹುಡುಗಿಯರಲ್ಲಿ ಶೇ. 32ರಷ್ಟು ಮಂದಿ ಹೇಳಿದ್ದರು. ಬರುವ ಸಾಧ್ಯತೆ ಇದ್ದವರಲ್ಲಿ ಬೇಗ ಬರಿಸುವುದು, ಬಂದವರಲ್ಲಿ ಬಿಡದಂತೆ ಮಾಡುವುದು: ಫೋನಿನ ಪಾತ್ರವನ್ನು ಹೀಗೆ ನೋಡುವುದು ಸರಿ ಎಂದು ನನ್ನ ಅಭಿಪ್ರಾಯ.

ಈಗ ಕೆಲಸಕ್ಕೆ ಬರೋಣ. ಎರಡು ವಾರ ಸದ್ದಿಲ್ಲದೆ ಗಮನಿಸಿ. ಮಾತಿನಲ್ಲಿ ಮೂರು ಸಂಗತಿ ಹುಡುಕಿ: ಸಂಖ್ಯೆ, ಶಿಕ್ಷೆ, ಗುಟ್ಟು. ‘ಇಷ್ಟು ಗಂಟೆಯ ಮೇಲೆ ತಿನ್ನಲ್ಲ’, ‘ಇಷ್ಟು ಹೆಜ್ಜೆ ಆಗದೆ ಮಲಗಲ್ಲ’ ಎಂಬುದು ಸಂಖ್ಯೆ. ತಿಂದದ್ದಕ್ಕೆ ಉಪವಾಸ, ಓಟ ಎಂಬುದು ಶಿಕ್ಷೆ. ಡಬ್ಬಿಯ ಊಟ ಎಲ್ಲಿ ಹೋಯಿತು ಎಂದು ಗೊತ್ತಾಗದಿರುವುದು, ಊಟವಾದ ಕೂಡಲೇ ಬಚ್ಚಲಿಗೆ ಹೋಗಿ ನಲ್ಲಿ ಬಿಡುವುದು, ಮನೆಯ ತಿಂಡಿ ರಾತ್ರೋರಾತ್ರಿ ಖಾಲಿಯಾಗುವುದು ಗುಟ್ಟು. ಮೈಯಲ್ಲಿ ಕಾಣುವಂಥವು: ಸದಾ ಚಳಿ, ಎದ್ದಾಗ ತಲೆಸುತ್ತು, ಕೂದಲು ಉದುರುವುದು, ಮುಟ್ಟು ತಪ್ಪುವುದು, ಮಲಬದ್ಧತೆ, ಕೆನ್ನೆಯ ಬುಡದಲ್ಲಿ ಊತ, ಜ್ವರವಿದ್ದರೂ ಬಿಡದ ವ್ಯಾಯಾಮ. ಇವುಗಳಲ್ಲಿ ಒಂದೊಂದಕ್ಕೂ ಬೇರೆ ಕಾರಣ ಇರಬಹುದು. ಮೂರ್ನಾಲ್ಕು ಒಟ್ಟಿಗೆ ಬಂದರೆ ಬೇರೆ ಮಾತು.

ತಮಾಷೆಯನ್ನೂ ಕಾಯಿಲೆಯನ್ನೂ ಬೇರೆ ಮಾಡುವ ಒಳ್ಳೆಯ ಜಾಗ ಎಂದರೆ ಕೆಟ್ಟುಹೋದ ಯೋಜನೆ. ಊಟದ ಹೊತ್ತು ಒಂದು ಗಂಟೆ ಮುಂದೆ ಹೋಯಿತು, ಅಂದುಕೊಂಡ ತಿಂಡಿ ಸಿಗಲಿಲ್ಲ, ನೆಂಟರು ಬಂದು ಎಲ್ಲರೂ ಹೊರಗೆ ತಿನ್ನಬೇಕಾಯಿತು. ಬರೀ ಮಾತಿನ ಹುಡುಗಿ ಗೊಣಗಿ ತಿನ್ನುತ್ತಾಳೆ. ಕಾಯಿಲೆಯ ಹುಡುಗಿಗೆ ದಿಗಿಲು ಹತ್ತುತ್ತದೆ. ಕೋಪ, ಅಳು, ಏನೋ ನೆಪ ಹೇಳಿ ತಪ್ಪಿಸಿಕೊಳ್ಳುವುದು. ಬೇಕೆಂದೇ ಇಂಥ ಪರೀಕ್ಷೆ ಒಡ್ಡಬೇಡಿ. ಬದುಕು ತಾನೇ ಒಡ್ಡುತ್ತದೆ, ನೋಡಿದರೆ ಸಾಕು.

ಮಾತಾಡುವುದು ಊಟದ ಹೊತ್ತಿನಲ್ಲಿ ಬೇಡ. ಎದುರುಬದುರು ಕೂತೂ ಬೇಡ. ಒಟ್ಟಿಗೆ ನಡೆಯುವಾಗ, ಬಟ್ಟೆ ಮಡಿಸುವಾಗ, ಕಣ್ಣು ಬೇರೆ ಕಡೆ ಇರುವಾಗ ಬಾಯಿ ಸಡಿಲವಾಗುತ್ತದೆ. ಅವಳು ಏನು ಎಂದು ಹೇಳಬೇಡಿ, ನೀವು ಏನು ನೋಡಿದಿರಿ ಎಂದು ಹೇಳಿ. ‘ಪುಟ್ಟೀ, ಈ ವಾರ ಮೂರು ದಿನ ಮಧ್ಯಾಹ್ನ ನೀನು ಊಟ ಮಾಡ್ಲಿಲ್ಲ. ನೀನು ಪನಿಶ್‌ಮೆಂಟ್ ಅಂದಿದ್ದು ನನ್ನ ತಲೇಲಿ ಕೂತ್ಬಿಟ್ಟಿದೆ. ಬೈಯಕ್ಕಲ್ಲ ಕೇಳ್ತಿರೋದು’ ಎನ್ನಿ. ‘ಅಯ್ಯೋ ಅಮ್ಮಾ, ತಮಾಷೆ’ ಎಂದರೆ ‘ಇರ್ಲಿ, ತಮಾಷೆ ಆದ್ರೆ ಒಳ್ಳೇದೇ. ಯಾವತ್ತಾದ್ರೂ ತಮಾಷೆ ಅನ್ನಿಸದೆ ಹೋದ್ರೆ ನಂಗೆ ಹೇಳು, ನಾನು ಗಾಬರಿ ಬೀಳಲ್ಲ’ ಎಂದು ಅಲ್ಲಿಗೇ ಬಿಡಿ. ಮೊದಲ ಸಲಕ್ಕೇ ಒಪ್ಪಿಕೊಳ್ಳುವವರು ಕಡಿಮೆ. ಎರಡನೆಯ ಸಲ, ಮೂರನೆಯ ಸಲ ಕೇಳಬೇಕಾಗುತ್ತದೆ.

ಆಡಬಾರದ ಮಾತುಗಳಲ್ಲಿ ಬೈಗುಳಕ್ಕಿಂತ ಹೊಗಳಿಕೆಯೇ ಹೆಚ್ಚು ಕೆಡಿಸುತ್ತದೆ. ‘ಎಷ್ಟು ಸಣ್ಣಗಾಗಿದ್ದೀಯೇ’ ಎಂಬುದು ಕಾಯಿಲೆಗೆ ಬಹುಮಾನ. ಚೇತರಿಸಿಕೊಳ್ಳುವಾಗ ‘ಈಗ ಮೈ ತುಂಬ್ಕೊಂಡು ಚೆನ್ನಾಗಿ ಕಾಣ್ತೀಯ’ ಎಂಬುದು ‘ದಪ್ಪಗಾದೆ’ ಎಂದೇ ಕೇಳಿಸುತ್ತದೆ. ಮೈಯ ಮಾತನ್ನು ಎರಡೂ ದಿಕ್ಕಿನಲ್ಲಿ ಬಿಡಿ. ‘ಇವತ್ತು ನಿನ್ ನಗು ಕೇಳಿ ಖುಷಿಯಾಯ್ತು’ ಎನ್ನಬಹುದು. ಮನೆಯ ದೊಡ್ಡವರು ತಮ್ಮ ಹೊಟ್ಟೆ, ತಮ್ಮ ಡಯಟ್ ಬಗ್ಗೆ ಅವಳೆದುರು ಆಡುವ ಮಾತೂ ಇದೇ ಲೆಕ್ಕಕ್ಕೆ ಸೇರುತ್ತದೆ.

ಫೋನ್ ಕಿತ್ತುಕೊಳ್ಳಬೇಡಿ. ಕಿತ್ತುಕೊಂಡರೆ ಗೆಳತಿಯ ಫೋನಿನಲ್ಲಿ ನೋಡುತ್ತಾಳೆ, ನಿಮಗೆ ಕಾಣುತ್ತಿದ್ದ ಅಷ್ಟೂ ಕಾಣದಾಗುತ್ತದೆ. ಅವಳ ಒಪ್ಪಿಗೆಯಿಂದ ಒಟ್ಟಿಗೆ ಕೂತು ತೋಟದ ಕಳೆ ಕಿತ್ತ ಹಾಗೆ ಕೀಳಿ. ಮುಂದೆ ಯಾವ ವಿಡಿಯೊ ತೋರಿಸಬೇಕೆಂದು ಆರಿಸುವ ಅಲ್ಗಾರಿದಂಗೆ ಅಸಹ್ಯಪಟ್ಟು ನೋಡಿದ್ದಕ್ಕೂ ಆಸೆಪಟ್ಟು ನೋಡಿದ್ದಕ್ಕೂ ವ್ಯತ್ಯಾಸ ಗೊತ್ತಿಲ್ಲ. ಎಷ್ಟು ಸೆಕೆಂಡು ನಿಂತಿರಿ, ಮತ್ತೆ ನೋಡಿದಿರಾ, ಬೈದು ಕಾಮೆಂಟ್ ಹಾಕಿದಿರಾ, ಎಲ್ಲವೂ ‘ಇಷ್ಟವಿದೆ’ ಎಂಬ ಲೆಕ್ಕಕ್ಕೇ ಹೋಗಬಹುದು. ಆದ್ದರಿಂದ ಇಂಥ ವಿಡಿಯೊ ಬಂದ ಕೂಡಲೇ ಒತ್ತಿಹಿಡಿದು ‘ನಾಟ್ ಇಂಟರೆಸ್ಟೆಡ್’ ಆರಿಸಿ ಮುಂದೆ ಹೋಗಬೇಕು. ಟಿಕ್‌ಟಾಕ್‌ನಲ್ಲಿ ಬೇಡದ ಪದಗಳನ್ನು ಸೋಸುವ ಆಯ್ಕೆಯೂ ಫೀಡನ್ನು ಹೊಸದಾಗಿ ಶುರುಮಾಡುವ ಆಯ್ಕೆಯೂ ಇವೆ. ಇನ್‌ಸ್ಟಾಗ್ರಾಂನ ಸೆಟ್ಟಿಂಗ್ಸ್‌ನಲ್ಲಿ ಸಲಹೆಗಳನ್ನು ರೀಸೆಟ್ ಮಾಡಬಹುದು. ಯೂಟ್ಯೂಬ್‌ನಲ್ಲಿ ವಾಚ್ ಹಿಸ್ಟರಿ ಅಳಿಸಿ. ರೀಸೆಟ್ ಆದ ಮೇಲಿನ ಮೊದಲ ದಿನಗಳು ಮುಖ್ಯ: ಅವಳಿಗೆ ನಿಜಕ್ಕೂ ಇಷ್ಟವಾದ ಚಿತ್ರಕಲೆಯೋ ಸಂಗೀತವೋ ಬೆಕ್ಕೋ, ಅವನ್ನು ಹುಡುಕಿ, ಪೂರ್ತಿ ನೋಡಲಿ. ಇಲ್ಲವಾದರೆ ಖಾಲಿ ಜಾಗಕ್ಕೆ ಹಳೆಯದೇ ಬಂದು ಕೂರುತ್ತದೆ. ಇನ್ನೊಂದು: ಕುತೂಹಲಕ್ಕೆ ಅವಳ ಫೋನಿನಲ್ಲಿ ನೀವು ಆ ಪದಗಳನ್ನು ಹುಡುಕಿ ನೋಡಬೇಡಿ. ಫೀಡ್ ಅದನ್ನು ಅವಳ ಆಸಕ್ತಿ ಎಂದೇ ಬರೆದುಕೊಳ್ಳುತ್ತದೆ.

ಚೇತರಿಕೆಯ ಹೆಸರಿನ ಖಾತೆಗಳಲ್ಲೂ ‘ಮೊದಲು-ಆಮೇಲೆ’ ಚಿತ್ರ ಹಾಕುವವನ್ನು ತೆಗೆಸಿ. ಕಾಯಿಲೆಯವಳ ಕಣ್ಣು ‘ಮೊದಲು’ ಚಿತ್ರದ ಮೇಲೆಯೇ ನಿಲ್ಲುತ್ತದೆ, ‘ನಾನು ಇನ್ನೂ ಇಷ್ಟು ಆಗಿಲ್ಲ, ನನಗೇಕೆ ಚಿಕಿತ್ಸೆ’ ಎನ್ನಿಸುತ್ತದೆ. ಚಾಟ್‌ಬಾಟ್ ಸಲಹೆಯನ್ನೂ ನೆಚ್ಚಬೇಡಿ. 2023ರಲ್ಲಿ ಅಮೆರಿಕದ ರಾಷ್ಟ್ರೀಯ ಈಟಿಂಗ್ ಡಿಸಾರ್ಡರ್ ಸಂಘವೇ ತನ್ನ ‘ಟೆಸ್ಸಾ’ ಬಾಟನ್ನು ತೂಕ ಇಳಿಸುವ ಸಲಹೆ ಕೊಟ್ಟಿತೆಂಬ ದೂರಿನ ಮೇಲೆ ಹಿಂತೆಗೆದುಕೊಳ್ಳಬೇಕಾಯಿತು.

ವೈದ್ಯರ ಬಳಿ ಯಾವಾಗ? ಪ್ರಜ್ಞೆ ತಪ್ಪಿದರೆ, ಎದೆನೋವು ಅಥವಾ ಎದೆಬಡಿತ ಏರುಪೇರಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಮೆಟ್ಟಿಲು ಹತ್ತಲಾರದಷ್ಟು ಸ್ನಾಯು ಸೋತರೆ, ನೀರನ್ನೂ ಬಿಟ್ಟರೆ, ಸಾಯುವ ಮಾತಾಡಿದರೆ ಅದೇ ದಿನ ತುರ್ತು ಚಿಕಿತ್ಸೆಗೆ. ಕೊನೆಯದನ್ನು ಮೀಮ್ ಎಂದು ತಳ್ಳಿಹಾಕಬೇಡಿ: 2011ರ ದೊಡ್ಡ ವಿಶ್ಲೇಷಣೆಯ ಪ್ರಕಾರ ಅನೊರೆಕ್ಸಿಯಾ ಇದ್ದು ಸತ್ತವರಲ್ಲಿ ಐವರಲ್ಲಿ ಒಬ್ಬರದು ಆತ್ಮಹತ್ಯೆ. ಉಳಿದಂತೆ, ನಿಯಮ-ಶಿಕ್ಷೆಗಳು ವಾರಗಟ್ಟಲೆ ಮುಂದುವರಿದಿದ್ದರೆ, ವಾಂತಿ ಇದ್ದರೆ, ತೂಕ ಬೇಗ ಇಳಿಯುತ್ತಿದ್ದರೆ, ಮುಟ್ಟು ನಿಂತಿದ್ದರೆ ಕೆಲವೇ ದಿನಗಳೊಳಗೆ ತೋರಿಸಿ. ಮಲಗಿದಾಗ ಮತ್ತು ನಿಂತಾಗ ನಾಡಿ-ರಕ್ತದೊತ್ತಡ, ಇಸಿಜಿ, ರಕ್ತದಲ್ಲಿ ಪೊಟ್ಯಾಷಿಯಂ, ಸೋಡಿಯಂ, ಫಾಸ್ಫೇಟ್, ಮೆಗ್ನೀಷಿಯಂ, ಸಕ್ಕರೆ ನೋಡಲು ಕೇಳಿ. ಎಲ್ಲ ವರದಿ ಸರಿಯಿದ್ದರೂ ಕಾಯಿಲೆ ಇಲ್ಲ ಎಂದಾಗುವುದಿಲ್ಲ. ದೇಹ ಬಹಳ ಕಾಲ ತಡೆದುಕೊಂಡು ಕೊನೆಗೆ ಒಮ್ಮೆಲೇ ಕೈಬಿಡುತ್ತದೆ. 1999ರಲ್ಲಿ ಬಂದ ಐದು ಪ್ರಶ್ನೆಗಳ ‘ಸ್ಕಾಫ್’ ಪಟ್ಟಿ, ಈಟಿಂಗ್ ಡಿಸಾರ್ಡರ್‌ನ ಸುಳಿವು ಹುಡುಕುವಂಥದ್ದು, ವೈದ್ಯರಿಗೆ ಗೊತ್ತಿರಬಹುದು. ಎರಡಕ್ಕೆ ಹೌದು ಎಂದರೆ ಪೂರ್ಣ ಪರೀಕ್ಷೆ ಬೇಕು.

ಹಲವು ದಿನ ಏನೂ ತಿನ್ನದವಳಿಗೆ, ಅಥವಾ ತೀರಾ ಇಳಿದುಹೋದವಳಿಗೆ, ಮನೆಯಲ್ಲೇ ಒಮ್ಮೆಗೆ ಹೊಟ್ಟೆ ತುಂಬ ಉಣಿಸುವುದು ಅಪಾಯ. ಒಮ್ಮೆಲೇ ಬಂದ ಪಿಷ್ಟದಿಂದ ಇನ್ಸುಲಿನ್ ಏರಿ ರಕ್ತದ ಫಾಸ್ಫೇಟ್ ಜೀವಕೋಶಗಳೊಳಕ್ಕೆ ಹೋಗುತ್ತದೆ, ಹೃದಯ ಮತ್ತು ಉಸಿರಾಟದ ಸ್ನಾಯುಗಳಿಗೆ ಕೊರತೆಯಾಗುತ್ತದೆ. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ. ಮೊದಲ ದಿನಗಳ ಊಟ ವೈದ್ಯರ ನಿಗಾದಲ್ಲೇ ಆಗಲಿ.

ಚಿಕಿತ್ಸೆ ಇದೆ, ಗುಣವಾಗುವವರು ಬಹಳ. ಹದಿಹರೆಯದವರ ಅನೊರೆಕ್ಸಿಯಾಕ್ಕೆ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ರೂಪುಗೊಂಡ ಕುಟುಂಬ ಚಿಕಿತ್ಸೆಯಲ್ಲಿ ಮೂರು ಹಂತ: ಊಟದ ಹೊಣೆಯನ್ನು ತಂದೆತಾಯಿ ಹೊರುವುದು, ಸ್ವಲ್ಪಸ್ವಲ್ಪವಾಗಿ ಮಗಳ ಕೈಗೆ ಮರಳಿಸುವುದು, ಆಮೇಲೆ ವಯಸ್ಸಿನ ಉಳಿದ ತೊಡಕುಗಳು. ಬುಲಿಮಿಯಾ, ಬಿಂಜ್‌ಗೆ ಕ್ರಿಸ್ಟೊಫರ್ ಫೇರ್‌ಬರ್ನ್ ರೂಪಿಸಿದ ಸಿಬಿಟಿ-ಇ, ಅಂದರೆ ಯೋಚನೆ-ನಡವಳಿಕೆಗಳನ್ನು ತಿದ್ದುವ ಮಾತಿನ ಚಿಕಿತ್ಸೆ, ಸಾಮಾನ್ಯವಾಗಿ 20 ವಾರ ನಡೆಯುತ್ತದೆ. ಅದರ ಮೊದಲ ಮೆಟ್ಟಿಲು ಮೀಮ್‌ಗಳು ಹೇಳುವ ಮನೋಬಲವೂ ಅಲ್ಲ, ಡಿಸಿಪ್ಲಿನ್ನೂ ಅಲ್ಲ: ದಿನಕ್ಕೆ ಮೂರು ಊಟ, ಎರಡು ಮೂರು ತಿಂಡಿ, ನಡುವೆ 4 ಗಂಟೆಗಿಂತ ಹೆಚ್ಚು ಅಂತರ ಬಿಡದಿರುವುದು. ನಿನ್ನೆ ಎಷ್ಟೇ ತಿಂದಿದ್ದರೂ ಇವತ್ತಿನ ಬೆಳಗಿನ ತಿಂಡಿ ತಪ್ಪಿಸುವಂತಿಲ್ಲ. ‘ಪನಿಶ್‌ಮೆಂಟ್’ ಸುತ್ತು ತುಂಡಾಗುವುದು ಅಲ್ಲಿ. ಹಸಿವು ಮಿತಿಮೀರದಿದ್ದಾಗ ಮುಂದಿನ ಬಿಂಜ್‌ನ ಒತ್ತಡ ಇಳಿಯುತ್ತದೆ.

ಗೆಳತಿಯರ ಗುಂಪಿನ ಬಗ್ಗೆ ಒಂದು ಮಾತು ಉಳಿದಿದೆ. ಐದು ಜನ ಒಂದೇ ಜೋಕಿಗೆ ನಗುತ್ತಿರುವಾಗ ಒಬ್ಬಳು ಅದನ್ನು ನಿಜವಾಗಿ ಪಾಲಿಸುತ್ತಿರಬಹುದು, ಅದು ನಿಮ್ಮ ಮಗಳಲ್ಲದೆಯೂ ಇರಬಹುದು. ಅಂಥವಳ ಬಗ್ಗೆ ಮಗಳು ಬಂದು ಹೇಳಿದರೆ ‘ಯಾರಿಗೂ ಹೇಳಬೇಡ ಅಂದಿದ್ದಾಳೆ’ ಎಂಬ ಮಾತಿಗೆ ಕಟ್ಟುಬೀಳಬೇಡಿ. ಆ ಹುಡುಗಿಯ ಮನೆಯವರಲ್ಲೋ ಶಾಲೆಯಲ್ಲೋ ನಂಬಿಕೆಯ ಒಬ್ಬ ದೊಡ್ಡವರಿಗೆ ನೀವೇ ತಿಳಿಸಿ, ಮತ್ತು ತಿಳಿಸುತ್ತೀರಿ ಎಂದು ಮಗಳಿಗೆ ಮೊದಲೇ ಹೇಳಿ.